ಅಮಾಸಿ ಟೀಚರ್

ಯಶೋಧರಾ ಅಕ್ಕನ ಮನೆಗೆ ಮೊದಲ ಸಲ ಹೋದಾಗ ನನ್ನ ಕೈಚೀಲದಲ್ಲಿ ಒಂದು ತೆಂಗಿನಕಾಯಿ, ಎರಡು ನಿಂಬೆಹಣ್ಣು ಮತ್ತು ಒಂದು ಪಾಕೀಟು ಊದಿನಕಡ್ಡಿ ಇದ್ದವು. ಎಂ.ಎ. ಮುಗಿಸಿದವನು ನಾನು, ಅದೂ ಶಿಕ್ಷಣಶಾಸ್ತ್ರದಲ್ಲಿ. ಹೀಗೆ ಸಜ್ಜಾಗಿ ಹೋಗಲು ಕಾರಣ ನನ್ನ ಕ್ಲಾಸ್‌ಮೇಟ್ ಚಾಂದ್‌ಪಾಷಾ. ಅವನು ಮಸ್ಕಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಒಂದು ದಿನ ಫೋನು ಮಾಡಿ, "ಪ್ರತಿ ಅಮಾಸಿಗೂ ಅಕ್ಕನ ಮನ್ಯಾಗ ಕೂಡ್ತೀವಲೇ ಶಿವಕಾಂತ. ನೀನೂ ಬಾ. ಬರೂವಾಗ ಒಂದು ಪ್ರಶ್ನೆ ತಗೊಂಡ ಬಾ, ಪ್ರಶ್ನೆ ಇಲ್ಲದವರನ್ನ ಅಕ್ಕ ಒಳಗ ಬಿಡೂದಿಲ್ಲ" ಅಂದಿದ್ದ.

ಅಮಾವಾಸ್ಯೆ, ಅಕ್ಕ, ಪ್ರಶ್ನೆ. ಇಷ್ಟು ಕೇಳಿದ ಮೇಲೆ ನಮ್ಮ ಕಡೆಯ ಯಾವನಾದರೂ ಏನು ತಿಳಿದುಕೊಳ್ಳಬೇಕೋ ಅದನ್ನೇ ನಾನೂ ತಿಳಿದುಕೊಂಡೆ. ಅಕ್ಕನ ಮೈಮೇಲೆ ದೇವರು ಬರುತ್ತದೆ, ಹೇಳಿಕೆ ಹೇಳುತ್ತಾರೆ ಎಂದು.

ಒಳಗೆ ಹೋದರೆ ಚಾಪೆಯ ಮೇಲೆ ಏಳೆಂಟು ಜನ, ನಡುವೆ ಝೆರಾಕ್ಸ್ ಹಾಳೆಗಳು. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ. ಕುಂಕುಮದ ಬಟ್ಟಲಿಲ್ಲ, ದೀಪವಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕನ್ನಡಕ ಹಾಕಿಕೊಂಡ, ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು ತಲೆಯೆತ್ತಿ, "ಪ್ರಶ್ನೆ ಏನಪಾ ನಿಂದು?" ಎಂದು ಕೇಳಿದರು. ನಾನು ಕಾಯಿ ಮುಂದಿಟ್ಟು, ಕೈಮುಗಿದು, "ನನ್ನ ಲಗ್ನ ಯಾವಾಗ ಆಗ್ತೈತ್ರಿ?" ಅಂದೆ.

ಚಾಂದ್‌ಪಾಷಾನ ಮೂಗಿನಿಂದ ಚಹಾ ಬಂತು. ಉಳಿದವರು ಬಿದ್ದು ಬಿದ್ದು ನಕ್ಕರು. ಅಕ್ಕ ಮಾತ್ರ ನಗಲಿಲ್ಲ.

"ಒಬ್ಬನ್ನ ನೋಡಿ ಹೇಳಾಕ ಬರೂದಿಲ್ಲ ತಮ್ಮಾ. ಏನ್ ಕೆಲಸ ನಿಂದು?"

"ಸಿಂಧನೂರಾಗ ಅಕ್ಕಿ ಮಿಲ್ಲಿನ ಕಾಟಾದ ಮ್ಯಾಲ ಅದೀನ್ರಿ."

"ಹಂಗಾರ ನಿನ್ನಂಗ ಕಾಟಾದ ಮ್ಯಾಲ ಕೆಲಸ ಮಾಡವರಿಗೆ ಎಷ್ಟ ಮಂದಿಗೆ ಲಗ್ನ ಆಗೈತಿ, ಎಷ್ಟ ಮಂದಿಗೆ ಆಗಿಲ್ಲ, ಕೇಳ್ಕೊಂಡ ಬಾ. ಆಮ್ಯಾಲೆ ನೋಡೋಣು."

ಅಕ್ಕನ ತಾಯಿ ಯಮನಮ್ಮ ಬಂದು ಕಾಯಿ ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಅದು ಚಟ್ನಿಯಾಗಿ ಮಂಡಕ್ಕಿಯ ಜೊತೆ ಹೊರಗೆ ಬಂತು. ನನ್ನ ಪ್ರಶ್ನೆ ಮಾತ್ರ ಇವತ್ತಿಗೂ ಬಗೆಹರಿದಿಲ್ಲ.

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಭತ್ತದ ಲಾರಿ ಬಂದಾಗ ಒಮ್ಮೆ ತೂಗುವುದು, ಖಾಲಿಯಾಗಿ ಹೋಗುವಾಗ ಇನ್ನೊಮ್ಮೆ ತೂಗುವುದು, ಗುಂಡಿ ಒತ್ತಿ ಚೀಟಿ ಹರಿದು ಕೊಡುವುದು. ಕಳೆಯುವ ಲೆಕ್ಕವನ್ನು ಯಂತ್ರವೇ ಮಾಡುತ್ತದೆ. ಹೀಗಾಗಿ ನನ್ನ ಪದವಿಗೆ ಅಲ್ಲಿ ಯಾವ ತೊಂದರೆಯೂ ಇಲ್ಲ, ಹಾಗೇ ಇಟ್ಟಲ್ಲಿಯೇ ಇದೆ. ಅಂಥ ನನ್ನನ್ನು, ಲೆಕ್ಕದ ಪಟ್ಟಿಯಲ್ಲೇ ದಿನ ಕಳೆಯುತ್ತಿದ್ದ ಚಾಂದ್‌ಪಾಷಾನನ್ನು, ಲಿಂಗಸುಗೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ದೀಪಾಳನ್ನು ಕೂಡಿಸಿಕೊಂಡು ಯಶೋಧರಾ ಅಕ್ಕ ಸಂಶೋಧನೆ ಮಾಡಿಸಲು ಹೊರಟಿದ್ದರು. ಅದೂ ಶಿಕ್ಷಣ ನೀತಿಯ ಮೇಲೆ.

ಅಕ್ಕನೂ ಅತಿಥಿ ಉಪನ್ಯಾಸಕಿಯೇ. ಸಿಂಧನೂರಿನಲ್ಲಿರುವ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಪಾಠ. ಪಿಎಚ್‌ಡಿ ಆಗಿದ್ದರೂ ಕಾಯಂ ಆಗಿರಲಿಲ್ಲ. ದಿನಾ ಮಸ್ಕಿಯಿಂದ ಬಸ್ಸು, ಸಂಜೆ ವಾಪಸ್ಸು. ನಮ್ಮ ಬರವಣಿಗೆಯನ್ನೆಲ್ಲ ಅವರು ತಿದ್ದುತ್ತಿದ್ದದ್ದು ಆ ಬಸ್ಸಿನಲ್ಲೇ. ಬಸ್ಸು ಕುಣಿದಲ್ಲೆಲ್ಲ ಪೆನ್ಸಿಲ್ಲೂ ಕುಣಿದಿರುತ್ತಿತ್ತು. ಆದರೂ ಒಂದು ಮಾತು ಎಲ್ಲ ಹಾಳೆಗಳ ಮಗ್ಗುಲಲ್ಲೂ ಸ್ಪಷ್ಟವಾಗಿ ಕಾಣುತ್ತಿತ್ತು: 'ಯಾರು ಹೇಳಿದ್ರು?' ನಾನೊಮ್ಮೆ 'ಗ್ರಾಮೀಣ ಪಾಲಕರಲ್ಲಿ ಶಿಕ್ಷಣದ ಬಗ್ಗೆ ಅರಿವಿನ ಕೊರತೆ ಇದೆ' ಎಂದು ಬಹಳ ಗತ್ತಿನಿಂದ ಬರೆದಿದ್ದೆ. ಅದರ ಮಗ್ಗುಲಲ್ಲಿ ಆ ಮಾತಿನ ಜೊತೆಗೆ ಇನ್ನೊಂದು ಇತ್ತು: 'ನಿಮ್ಮಪ್ಪಗ ಇತ್ತೇನು? ಮತ್ತ ನೀ ಹೆಂಗ ಓದಿದಿ?'

ಅವರ ಹಟ ಒಂದೇ. "ಪಾಲಿಸಿ ದಿಲ್ಲ್ಯಾಗ ಹುಟ್ಟಲಿ, ಬೆಂಗಳೂರಾಗ ಹುಟ್ಟಲಿ, ಬಂದು ಬೀಳೂದು ನಮ್ಮ ಸಾಲಿ ಮ್ಯಾಲ. ಬಿದ್ದಿದ್ದು ಏನಾತು ಅಂತ ನೋಡಾಕ ಕಾರ್ ಮಾಡ್ಕೊಂಡು ಎಲ್ಲಿಂದಲೋ ಯಾರೋ ಬರಬೇಕೇನು? ಇಲ್ಲಿ ಓದಿದವರು ಭತ್ತ ತೂಗಾಕತ್ಯಾರ, ಹತ್ತಿ ಲೆಕ್ಕ ಬರಿಯಾಕತ್ಯಾರ. ಅವರನ್ನ ಕೂಡಿಸಿದ್ರ ವಿಶ್ವವಿದ್ಯಾಲಯಕ್ಕ ಒಂದು ಅಧ್ಯಯನ ಕೇಂದ್ರ ಆಗ್ತೈತಿ."

ಕೂಡಿಸುವುದೇ ಕಷ್ಟವಾಗಿತ್ತು. ಭಾನುವಾರ ನಮಗೆ ಪೂರ್ತಿ ರಜೆ ಇರಲಿಲ್ಲ, ಇದ್ದವರಿಗೂ ಆವತ್ತು ಶಾಲೆ ಬಾಗಿಲು ಹಾಕಿರುತ್ತಿತ್ತು. ಶಾಲೆ ತೆರೆದಿದ್ದು, ನಾವೂ ಬಿಡುವಾಗಿರುವ ದಿನ ಯಾವುದೆಂದು ಹುಡುಕಿದವರು ಅಕ್ಕನೇ. ಅಮಾವಾಸ್ಯೆಯ ದಿನ ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಇಲ್ಲ, ದಲಾಲಿ ಅಂಗಡಿ ಬಂದ್. ನಮ್ಮ ಮಿಲ್ಲಿನಲ್ಲಿ ಯಂತ್ರಕ್ಕೆ ಕಾಯಿ ಒಡೆದು ಎಲ್ಲರನ್ನೂ ಮನೆಗೆ ಕಳಿಸುತ್ತಾರೆ. ದೀಪಾಗೆ ವಾರದಲ್ಲಿ ಕೆಲವೇ ದಿನ ಪಾಠ, ಹೊಂದಿಸಿಕೊಳ್ಳುತ್ತಿದ್ದಳು. ಅಕ್ಕ ಆವತ್ತಿನ ಪಾಠವನ್ನು ಬೇರೆ ದಿನಕ್ಕೆ ಹಾಕಿಕೊಳ್ಳುತ್ತಿದ್ದರು. ಹೀಗೆ ನಮ್ಮದು ಅಮಾಸಿ ಕೂಟವಾಯಿತು. ಬೆಳಗ್ಗೆ ಹಳ್ಳಿಗೆ ಹೋಗುವುದು, ಮಧ್ಯಾಹ್ನ ಅಕ್ಕನ ಮನೆಯಲ್ಲಿ ಕೂಡುವುದು. ಇದನ್ನು ಕಂಡುಹಿಡಿದದ್ದರ ಬಗ್ಗೆ ಅಕ್ಕನಿಗೆ ಸಣ್ಣ ಹೆಮ್ಮೆಯೂ ಇತ್ತು. "ನೋಡ್ರಿ, ಅಮಾಸಿ ಒಂದ ತಿಂಗಳು ಸೋಮವಾರ ಬರ್ತೈತಿ, ಒಂದ ತಿಂಗಳು ಗುರುವಾರ. ಎಲ್ಲಾ ವಾರಗಳೂ ತಾವ ಸಿಗ್ತಾವ. ಇದಕ್ಕಿಂತ ಚೊಲೋ ಮಾದರಿ ಎಲ್ಲಿ ಸಿಗ್ತೈತಿ?" ಅನ್ನುತ್ತಿದ್ದರು. ನಾವೂ ತಲೆಯಾಡಿಸಿದೆವು. ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ, ಮಿಲ್ಲಿನಲ್ಲಿ ರೂಢಿಯಾಗಿದೆ.

ವಿಷಯ ಸಿಕ್ಕದ್ದು ಆ ಮಳೆಗಾಲದಲ್ಲಿ. ಸಂತೆಕಲ್ಲೂರಿನ ಆಚೆಗಿನ ಒಣಬೇಸಾಯದ ಹಳ್ಳಿಗಳಿಂದ ಹತ್ತಿ ಬಿಡಿಸುವ ಕಾಲಕ್ಕೆ ಹೆಣ್ಣುಮಕ್ಕಳು ಕಾಲುವೆ ಕಡೆಯ ಕ್ಯಾಂಪುಗಳಿಗೆ, ಅಂದರೆ ಹೊರಗಿನಿಂದ ಬಂದು ನೆಲೆಸಿದ ರೈತರ ಊರುಗಳಿಗೆ, ಟೆಂಪೊದಲ್ಲಿ ಕೂಲಿಗೆ ಹೋಗುತ್ತಾರೆ. ಹೋದರೆ ವಾಪಸ್ಸು ಬರುವುದು ಸಂಜೆಗೇ. ಅವರ ಮಕ್ಕಳಿಗಾಗಿ ಆ ಕೆಲವು ತಿಂಗಳು ಮಾತ್ರ ನಡೆಯುವ ಒಂದು ಹಾಸ್ಟೆಲ್ ಇತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂಬ ಚರ್ಚೆ ಮೇಲೆ ನಡೆದಿತ್ತು. ವಿಶ್ವವಿದ್ಯಾಲಯದಲ್ಲಿ ನಮ್ಮ ಪರವಾಗಿ ಮಾತಾಡುತ್ತಿದ್ದ ಪ್ರೊಫೆಸರ್ ಅನಿಲಕುಮಾರ ಅವರು ಅಕ್ಕನಿಗೆ ಹೇಳಿದರು: ಅದರಲ್ಲಿ ಜಾಗ ಸಿಗದೆ ಊರಲ್ಲೇ ಉಳಿದ ಮಕ್ಕಳು ಶಾಲೆಗೆ ಬರುತ್ತಾರೋ ಇಲ್ಲವೋ ನೋಡಿ ಒಂದು ಒಳ್ಳೆಯ ವರದಿ ಮಾಡಿ, ಅದನ್ನಿಟ್ಟುಕೊಂಡು ಶಿಕ್ಷಣ ನೀತಿ ಅಧ್ಯಯನ ಕೇಂದ್ರವನ್ನು ಸಿಂಧನೂರಿಗೇ ಕೇಳೋಣ.

ಕೇಂದ್ರ ಬಂದರೆ ಅಕ್ಕನಿಗೆ ಒಂದು ಕಾಯಂ ಕೋಣೆ, ಕಾಯಂ ಕೆಲಸ. ಇಬ್ಬರಿಗೆ ಫೆಲೋಶಿಪ್. ಒಂದು ದೀಪಾಗೆ ಎಂದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ನನಗೆ ಎಂದು ನನಗೆ ಗೊತ್ತಿತ್ತು. ಆಗಲೇ ನಾನು ಕಾಟಾದ ಮೇಲೆ ಬರುವ ಲಾರಿಗಳನ್ನು ಬೀಳ್ಕೊಡುವ ಕಣ್ಣಿನಿಂದ ನೋಡತೊಡಗಿದ್ದೆ.

ಅಕ್ಕನ ಪದ್ಧತಿಯಲ್ಲಿ ಎರಡು ಕಟ್ಟಳೆ. ಒಂದು, ಕಾಗದದ ಹಾಜರಿ ನೋಡುವಂತಿಲ್ಲ, ನಾವೇ ಕ್ಲಾಸಿನೊಳಗೆ ಹೋಗಿ ತಲೆ ಎಣಿಸಬೇಕು. ಎರಡು, ಬರೆದದ್ದನ್ನು ಮೊದಲು ಆ ಊರಿನಲ್ಲೇ ಓದಿ ಹೇಳಬೇಕು, ಊರವರು ಹೌದು ಅಂದ ಮೇಲೆಯೇ ವಿಶ್ವವಿದ್ಯಾಲಯಕ್ಕೆ. ನಾವು ಎರಡನ್ನೂ ತಪ್ಪದೆ ಪಾಲಿಸಿದೆವು. ಎಳ್ಳಮಾಸಿಯ ದಿನ ಇಡೀ ಊರೇ ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋಗಿರುತ್ತದೆ ಎಂದು ಆ ಒಂದು ದಿನವನ್ನು ಕೈಬಿಟ್ಟೆವು. ಅಷ್ಟು ಬುದ್ಧಿ ನಮಗಿತ್ತು. ಉಳಿದ ಅಮಾವಾಸ್ಯೆಗಳಲ್ಲಿ ಹೋದಾಗಲೆಲ್ಲ ಕ್ಲಾಸು ತುಂಬಿರುತ್ತಿತ್ತು. ಮಕ್ಕಳು ಒತ್ತಿಕೊಂಡು ಕೂತು, "ನಮಸ್ತೇ ಟೀಚರ್" ಎಂದು ರಾಗ ಎಳೆಯುತ್ತಿದ್ದವು. ನಮಗೆ ಎದೆ ತುಂಬಿ ಬರುತ್ತಿತ್ತು.

ವರದಿಯನ್ನು ಊರಲ್ಲಿ ಓದಿದಾಗ ಶಾಲಾ ಸಮಿತಿಯ ಅಧ್ಯಕ್ಷರಾದ ದೊಡ್ಡಬಸಪ್ಪನವರು ಕೈ ತಟ್ಟಿದರು. "ನಮ್ಮೂರ ಹುಡುಗ್ರು ದಿನಾ ಸಾಲಿಗೆ ಬರ್ತಾವಂತ ಬರದೀರಿ, ಇದರಾಗೇನ್ ತಕರಾರ್ ಐತಿ? ಇನ್ನೊಮ್ಮೆ ಓದ್ರಿ ತಮ್ಮಾ, ಹಿಂದ ಕುಂತವರಿಗೆ ಕೇಳಿಲ್ಲ." ನಾನು ಇನ್ನೊಮ್ಮೆ ಓದಿದೆ. ಆವತ್ತೂ ಅಮಾವಾಸ್ಯೆಯೇ. ಅನಿಲಕುಮಾರ ಅವರಂತೂ ವರದಿ ಓದಿ ಫೋನಿನಲ್ಲೇ ಅಭಿನಂದಿಸಿದರು. ಹಾಸ್ಟೆಲಿಲ್ಲದಿದ್ದರೂ ನಡೆದೀತು ಎಂಬ ಮಾತು ನಮ್ಮ ವರದಿಯ ಕೊನೆಯಲ್ಲಿತ್ತು. ಅದನ್ನು ಬರೆದವನು ನಾನು. ಅಂದವಾಗಿ ಬರೆದಿದ್ದೆ. ಅಕ್ಕ ಅದರ ಮಗ್ಗುಲಲ್ಲಿ ಏನನ್ನೂ ಬರೆದಿರಲಿಲ್ಲ.

ವಿಶ್ವವಿದ್ಯಾಲಯದ ಸಮಿತಿ ಸಿಂಧನೂರಿಗೆ ಬರುವ ವಾರ ಗೊತ್ತಾಯಿತು. ದೊಡ್ಡಬಸಪ್ಪನವರನ್ನೂ ಕರೆದುಕೊಂಡು ಹೋಗಬೇಕೆಂದು ಅಕ್ಕನ ಆಸೆ. ಅವರನ್ನು ಕರೆಯಲು ಒಂದು ಬೆಳಗ್ಗೆ ಅಕ್ಕ ಮತ್ತು ನಾನು ಮಸ್ಕಿಯಿಂದ ಆಟೋ ಹತ್ತಿದೆವು. ಮಿಲ್ಲಿಗೆ ಜ್ವರ ಎಂದು ಸುಳ್ಳು ಹೇಳಿದ್ದೆ. ದಾರಿಯಲ್ಲಿ ಒಂದು ಟೆಂಪೊ ಪಂಕ್ಚರ್ ಆಗಿ ನಿಂತಿತ್ತು. ಕೂಲಿಗೆ ಹೊರಟ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಸುತ್ತಿ, ಸೊಂಟಕ್ಕೆ ಹತ್ತಿ ತುಂಬುವ ಚೀಲ ಸಿಕ್ಕಿಸಿಕೊಂಡು ಜಾಲಿಯ ನೆರಳಲ್ಲಿ ಕೂತಿದ್ದರು. ನಮ್ಮ ಆಟೋ ನಿಧಾನವಾಯಿತು.

"ಏ, ಅಮಾಸಿ ಟೀಚರ್! ಅಮಾಸಿ ಟೀಚರ್ ಬಂದಾರ!"

ಕೂಗಿದ್ದು ಒಂದು ಹುಡುಗಿ. ಭುವನೇಶ್ವರಿ. ಐದನೇ ತರಗತಿಯ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು, ನಾವು ಹೋದಾಗಲೆಲ್ಲ ಎದ್ದು ನಿಂತು ಮಗ್ಗಿ ಹೇಳುತ್ತಿದ್ದವಳು. ಅವಳ ಸೊಂಟದಲ್ಲೂ ಒಂದು ಚೀಲ ಇತ್ತು, ಅವಳ ಅಳತೆಯದು. ಅವಳ ಹಿಂದೆ ಇನ್ನೂ ನಾಲ್ಕೈದು ಗುರುತಿನ ಮುಖಗಳು.

"ಇವತ್ತ ಅಮಾಸಿ ಅಲ್ಲಲ್ರಿ ಟೀಚರ್? ಯಾಕ ಬಂದೀರಿ?" ಎಂದಳು ಹುಡುಗಿ.

ಅಕ್ಕ ಕೆಳಗಿಳಿದರು. "ನೀ ಯಾಕ ಸಾಲಿಗೆ ಹೋಗಿಲ್ಲಬೇ?"

"ಇವತ್ತ ಅಮಾಸಿ ಅಲ್ಲಲ್ರಿ," ಎಂದಳು ಮತ್ತೆ.

ಅವಳ ತಾಯಿ ಗದ್ದೆಮ್ಮ ಸೆರಗು ಸರಿಪಡಿಸಿಕೊಳ್ಳುತ್ತ ಎದ್ದುಬಂದಳು. ಟೀಚರು ಬೈಯುತ್ತಾರೆಂದು ಅವಳಿಗೆ ಅಂಜಿಕೆ. "ಅಮಾಸಿಗೆ ತಪ್ಪದ ಕಳಸ್ತೀನ್ರೀ ಟೀಚರ್. ಅವತ್ತ ಯಾರೂ ಹೊಲಕ್ಕ ಕರಿಯೂದಿಲ್ಲ. ಒಂದ ಅಮಾಸಿನೂ ತಪ್ಪಿಸಿಲ್ರಿ, ನೀವ ನೋಡೀರಲ್ಲ."

"ನೋಡೀನಿ ತಾಯಿ," ಎಂದರು ಅಕ್ಕ.

ಟೆಂಪೊ ಗಾಲಿ ಹಾಕಿಕೊಂಡು ಹೋಯಿತು. ಹುಡುಗಿ ಕಣ್ಮರೆಯಾಗುವವರೆಗೂ ಕೈಬೀಸಿದಳು. ಅಕ್ಕ ದೊಡ್ಡಬಸಪ್ಪನವರ ಊರಿಗೆ ಹೋಗಲಿಲ್ಲ. ಆಟೋ ತಿರುಗಿಸಲು ಹೇಳಿದರು. ನನಗೆ ವಿಷಯ ಅರ್ಥವಾಗಿತ್ತು, ಆದರೆ ಅರ್ಥವಾಗಿಲ್ಲ ಎಂಬಂತೆ ಕೂತಿದ್ದೆ. ಫೆಲೋಶಿಪ್ ಕೈತಪ್ಪುವಾಗ ಮನುಷ್ಯ ಸ್ವಲ್ಪ ಮಂದಬುದ್ಧಿಯವನಾಗುವುದು ಸಹಜ.

ಬಸ್‌ಸ್ಟ್ಯಾಂಡಿನ ಎದುರು ಚಹಾ ತರಿಸಿಕೊಂಡು ಅಕ್ಕ ಬಾಯಿಬಿಟ್ಟರು.

"ಅಪ್ಪಗ ತಾಲೂಕ ಆಫೀಸನ್ಯಾಗ ಜವಾನನ ನೌಕರಿ ಬರೂ ಮುಂಚೆ ನಾನೂ ಅವ್ವನ ಜೋಡಿ ಹತ್ತಿಗೆ ಹೋಗ್ತಿದ್ದೆ. ಅಮಾಸಿಗೆ ಮಾತ್ರ ಸಾಲಿ. ನಮ್ಮ ಮಾಸ್ತರು 'ಚಂದ್ರ ಕಾಣದ ದಿನ ಇಕಿ ಕಾಣತಾಳ' ಅಂತ ನಗ್ತಿದ್ರು. ಆಮ್ಯಾಲೆ ಅಪ್ಪಗ ಪಗಾರ ಚಾಲೂ ಆತು, ನಾ ದಿನಾ ಹೋದೆ."

ಚಹಾ ಆರುತ್ತಿತ್ತು.

"ನನಗ ಗೊತ್ತಿತ್ತಲ್ಲೋ ಶಿವಕಾಂತ ಇದು. ಯಾವ ಪುಸ್ತಕದಾಗೂ ಓದಬೇಕಾಗಿರಲಿಲ್ಲ. ಪಗಾರ ತಿನ್ನಾಕ ಹತ್ತಿದ ಮ್ಯಾಲ ಅಮಾಸಿ ರಜಾ ಅನ್ನೂದಷ್ಟ ನೆನಪುಳಿತು. ಯಾರಿಗೆ ರಜಾ, ಯಾಕ ರಜಾ ಅನ್ನೂದು ಮರತಹೋತು."

ತಂದೆ ನರಸಣ್ಣನ ಹೆಸರು ತೆಗೆದಾಗಲೆಲ್ಲ ಅಕ್ಕ ನಗುತ್ತಿದ್ದರು. ಆವತ್ತು ನಗಲಿಲ್ಲ.

ಮರುದಿನ ಸಂಜೆಯೇ ಕೂಟ ಸೇರಿಸಿದರು. ಅಮಾವಾಸ್ಯೆಯಲ್ಲದ ದಿನ ನಾವು ಕೂಡಿದ್ದು ಅದೇ ಮೊದಲು. ಅಕ್ಕ ಇದ್ದದ್ದನ್ನು ಹೇಳಿ, ವರದಿ ವಾಪಸ್ಸು ತೆಗೆದುಕೊಳ್ಳೋಣ ಅಂದರು.

"ವಾಪಸ್ ಯಾಕ್ರಿ ಅಕ್ಕಾ?" ಚಾಂದ್‌ಪಾಷಾ ಮೆಲ್ಲಗೆ ಶುರುಮಾಡಿದ. "ಮೊದ್ಲ ಕೇಂದ್ರ ಬರ್ಲಿ. ಕೇಂದ್ರ ಬಂದ ಮ್ಯಾಲ ನಮ್ಮ ರೊಕ್ಕ, ನಮ್ಮ ಗಾಡಿ. ದಿನಾ ಹೋಗಿ ಎಣಿಸೋಣ. ಎರಡನೇ ವರದ್ಯಾಗ ತಿದ್ದೋಣ."

"ಅಷ್ಟರಾಗ ಹಾಸ್ಟೆಲ್ ಬಂದ್ ಆದ್ರ?"

"ಆಗೇ ಆಗ್ತೈತಿ ಅಂತ ಯಾರು ಹೇಳಿದ್ರು?" ಎಂದಳು ದೀಪಾ. ಅಕ್ಕನ ಪೆನ್ಸಿಲ್ ಮಾತನ್ನು ಅಕ್ಕನಿಗೇ ಎಸೆದಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. "ಕಾಲೇಜನ್ಯಾಗ ಈ ಸಲ ನನ್ನ ಹೆಸರು ಇಲ್ರಿ ಅಕ್ಕಾ. ನಿಮಗ ಹೇಳಿರಲಿಲ್ಲ. ಈ ಫೆಲೋಶಿಪ್ ಬಿಟ್ರ ನನಗ ಬ್ಯಾರೆ ಏನೂ ಇಲ್ಲ."

ಅಕ್ಕ ಅವಳ ಪಕ್ಕಕ್ಕೆ ಹೋಗಿ ಕೂತರು. ಸಮಾಧಾನದ ಮಾತು ಹೇಳಲಿಲ್ಲ. ನಾನಾದರೂ ಏನಾದರೂ ಹೇಳಬಹುದಿತ್ತು. ನಾನು ಗೋಡೆಯ ಮೇಲಿನ ಪಟಗಳನ್ನು ಮೊದಲ ಸಲ ನೋಡುವವನಂತೆ ನೋಡುತ್ತ ಕೂತೆ.

ಸಮಿತಿ ಬಂತು. ಕೋಣೆಗೆ ಹೊಸ ಕುರ್ಚಿ ಹಾಕಿಸಿದ್ದರು, ಬಾಳೆಹಣ್ಣು, ಗೋಡಂಬಿ ಇಟ್ಟಿದ್ದರು. ಅಕ್ಕ ಎದ್ದು ನಿಂತು, ಅಚ್ಚ ಪುಸ್ತಕದ ಕನ್ನಡದಲ್ಲಿ ಎರಡು ವಾಕ್ಯ ಹೇಳಿ, ಆಮೇಲೆ ನಮ್ಮ ಕನ್ನಡಕ್ಕೆ ಇಳಿದುಬಿಟ್ಟರು. ತಲೆಗಳನ್ನು ಎಣಿಸಿದ್ದು ಸರಿ, ದಿನಗಳನ್ನು ಆರಿಸಿದ್ದು ತಪ್ಪು, ಆರಿಸಿದವಳು ನಾನು, ಈ ಹುಡುಗರಲ್ಲ ಎಂದರು. ಅನಿಲಕುಮಾರ ಅವರ ಮುಖ ನೋಡಲಾಗಲಿಲ್ಲ. ನಮ್ಮ ಪರವಾಗಿ ಎಷ್ಟೋ ಬಾಗಿಲು ಬಡಿದ ಮನುಷ್ಯ.

"ಮೇಡಂ, ಒಂದು ಅಡಿಟಿಪ್ಪಣಿ ಹಾಕಿದರೆ ಸಾಕಾಗುತ್ತಿತ್ತು," ಎಂದರು ತಗ್ಗಿದ ದನಿಯಲ್ಲಿ.

"ಅಡಿಟಿಪ್ಪಣಿ ಯಾರು ಓದ್ತಾರ್ರಿ ಸರ್? ಕೊನೀ ಪುಟ ಓದ್ತಾರ. ಅಲ್ಲಿ ಹಾಸ್ಟೆಲ್ ಬ್ಯಾಡ ಅಂತ ಐತಿ. ಆ ವರದಿ ನಮಗ ವಾಪಸ್ ಕೊಡ್ರಿ."

ವರದಿ ವಾಪಸ್ಸು ಬಂತು. ಕೇಂದ್ರದ ವಿಷಯ 'ಮುಂದೆ ನೋಡೋಣ' ಎಂಬಲ್ಲಿಗೆ ನಿಂತಿತು. ಸಮಿತಿಯವರು ಕೆಟ್ಟವರಲ್ಲ, ಮರ್ಯಾದೆಯಿಂದಲೇ ಹೇಳಿದರು. ಗೋಡಂಬಿ ಮಾತ್ರ ಹಾಗೇ ಉಳಿಯಿತು. ಚಾಂದ್‌ಪಾಷಾ ಕಿಸೆಗೆ ಹಾಕಿಕೊಂಡ.

ಮುಂದಿನ ಹತ್ತಿಯ ಕಾಲಕ್ಕೆ ಮತ್ತೆ ಎಣಿಸಲು ಶುರುಮಾಡಿದೆವು, ಸಾದಾ ದಿನಗಳಲ್ಲಿ. ಸಾದಾ ದಿನ ಎಂದರೆ ಸರದಿಯ ಮೇಲೆ ಒಬ್ಬೊಬ್ಬರ ಪಗಾರ ಕಟ್. ರಜೆ ಕೇಳಲು ಹೋದಾಗ ನಮ್ಮ ಮಾಲಕರು, "ಅಮಾಸಿ ಬಿಟ್ಟು ರಜಾ ಕೇಳಾಕತ್ತೀಯಲ್ಲಲೇ, ಯಾರರ ಸತ್ತಾರೇನು?" ಅಂದರು. ಏಳೆಂಟು ಜನರ ಕೂಟದಲ್ಲಿ ಕೊನೆಗೆ ಉಳಿದದ್ದು ನಾಲ್ಕೇ ಮಂದಿ. ದೀಪಾ ಲಿಂಗಸುಗೂರಿನ ಒಂದು ಖಾಸಗಿ ಶಾಲೆಗೆ ಸೇರಿದಳು, ಕೆಲವು ತಿಂಗಳು ಅಕ್ಕನ ಫೋನು ಎತ್ತಲಿಲ್ಲ. ಆಮೇಲೆ ಒಂದು ಅಮಾವಾಸ್ಯೆಗೆ ತಾನಾಗಿಯೇ ಬಂದು ಚಾಪೆಯ ಮೇಲೆ ತನ್ನ ಜಾಗದಲ್ಲಿ ಕೂತು, "ಚಟ್ನಿ ಐತೇನ್ ಯಮನಮ್ಮಾ?" ಎಂದು ಕೇಳಿದಳು. ಯಮನಮ್ಮ ಬಟ್ಟಲು ತಂದಿಟ್ಟರು.

ಹೊಸ ಎಣಿಕೆಯಲ್ಲಿ ಅರ್ಧ ಕ್ಲಾಸು ಖಾಲಿ. ಆರನೇ ತರಗತಿಗೆ ಬಂದಿದ್ದ ಭುವನೇಶ್ವರಿಯ ಜಾಗವೂ ಖಾಲಿ. ವರದಿ ಬರೆದಾಗ ಕೊನೆಯ ಪುಟವನ್ನು ನನಗೆ ಕೊಡಲಿಲ್ಲ, ಅಕ್ಕನೇ ಬರೆದರು. ಊರಿನಲ್ಲಿ ಓದಿದಾಗ ದೊಡ್ಡಬಸಪ್ಪನವರು ಕೈ ತಟ್ಟಲಿಲ್ಲ. "ಮೊದಲಿನದ ಚೊಲೋ ಇತ್ತಲ್ರೀ," ಎಂದರು. ಆದರೂ ಸುಳ್ಳು ಅಂತ ಅನ್ನಲಿಲ್ಲ. ಹಾಸ್ಟೆಲ್ ಈ ವರ್ಷದ ಮಟ್ಟಿಗೆ ನಡೆಯುತ್ತಿದೆ. ಅದು ನಮ್ಮ ವರದಿಯಿಂದಲೋ, ಯಾರೂ ತೀರ್ಮಾನ ಮಾಡದ್ದರಿಂದಲೋ ಗೊತ್ತಿಲ್ಲ. ಕೇಂದ್ರ ಇನ್ನೂ ಬಂದಿಲ್ಲ. ಅಕ್ಕ ಇನ್ನೂ ಅತಿಥಿ. ನಾನು ಇನ್ನೂ ಕಾಟಾದ ಮೇಲೆ.

ಹೋದ ವಾರ ಗುರುಗುಂಟಾ ಕಡೆಯ ಶಾಲೆಗಳನ್ನು ನೋಡಿಕೊಂಡು ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಮಸ್ಕಿ ಬಸ್ಸಿಗೆ ಕಾಯುತ್ತಿದ್ದೆವು. ಅಕ್ಕ ಹುರಿದ ಶೇಂಗಾ ಸುಲಿಯುತ್ತಿದ್ದರು. ಪಗಾರ ಕಟ್ ಆದ ದಿನ ನನಗೆ ಸ್ವಲ್ಪ ಧೈರ್ಯ ಜಾಸ್ತಿ. ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಅಕ್ಕಾ, ಆ ವರದಿ ತಪ್ಪಂತ ನಿಮಗ, ನನಗ ಬಿಟ್ರ ಯಾರಿಗೂ ಗೊತ್ತಾಗ್ತಿರಲಿಲ್ರಿ. ಸುಮ್ಮ ಇದ್ದಿದ್ರ ಇವತ್ತ ಕೇಂದ್ರ ಇರ್ತಿತ್ತು. ದೀಪಾಗ ಒಂದು ದಾರಿ ಆಗ್ತಿತ್ತು. ನಂಬಿ ಬಂದಿದ್ವಿ ನಾವು ಇಷ್ಟ ಮಂದಿ. ಅವತ್ತ ಎದ್ದು ನಿಂತಾಗ ನಮ್ಮನ್ನ ಲೆಕ್ಕಕ್ಕ ಹಿಡದ್ರೋ ಇಲ್ಲೋ?"

ಅಕ್ಕ ಶೇಂಗಾದ ಸಿಪ್ಪೆಯನ್ನು ಊದಿ, ಕಾಳನ್ನು ನನ್ನ ಅಂಗೈಗೆ ಹಾಕಿದರು.

"ಹಿಡದೆ. ನಿಮ್ಮನ್ನ ಎಣಿಸಿದೆ, ಟೆಂಪೊದಾಗಿನ ಹುಡುಗ್ರನ್ನೂ ಎಣಿಸಿದೆ. ನೀವು ಕಮ್ಮಿ ಬಿದ್ರಿ."